ಹೇಳುವವರು ಸಾಲಗಾರರು, ಬರೆಯುವವಳು ನಾನು

ಕಾರವಾರದ ಬಳಿಯ ಚೆಂಡಿಯಾದ ನಮ್ಮ ಅಂಗಡಿಯಲ್ಲಿ ಉದ್ರಿ ಬರೆಯುವುದಕ್ಕೆ ಒಂದು ಪದ್ಧತಿಯಿತ್ತು. ಸಾಮಾನು ಒಯ್ಯುವವರೇ ಬಾಯಿಬಿಟ್ಟು ಲೆಕ್ಕ ಹೇಳಬೇಕು, ನಾನು ಬರೆಯಬೇಕು. ಅಬ್ಬಾ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂತಿರುತ್ತಿದ್ದರು. "ಎರಡು ಸೇರು ಅಕ್ಕಿ, ಅರ್ಧ ಸೇರು ಚಿಮಣಿಎಣ್ಣೆ, ಒಂದು ಅಚ್ಚು ಬೆಲ್ಲ" ಎಂದು ಗಿರಾಕಿ ಹೇಳಿದ್ದನ್ನು ನಾನು ಬರೆದು, ಓದಿ ಹೇಳಿ, ಮೊತ್ತ ಕೂಡಿಸಿದ ಮೇಲೆ ಅವರು ತಲೆಯಾಡಿಸುವರು.

ಆಗ 1977. ನಾನು ಐದನೇ ಇಯತ್ತೆ. ಅಬ್ಬಾಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಮಾತಿಗಷ್ಟೇ. ಹಾಗಾಗಿ ಕೆಂಪು ಬಟ್ಟೆ ಹೊದಿಕೆಯ ಆ ಉದ್ದ ಪುಸ್ತಕ ನನ್ನ ಕೈಗೆ ಬಂತು. ಲೆಕ್ಕ ಗೊತ್ತಿರುವವರು ನೀವಾಗಿರುವಾಗ ಅವರ ಬಾಯಿಂದ ಯಾಕೆ ಹೇಳಿಸುತ್ತೀರಿ ಎಂದು ಒಮ್ಮೆ ಕೇಳಿದೆ. "ಬೇಟಿ, ಅಲ್ಲಾಹನ ಮಾತು ಹಾಗಿದೆ. ಕೊಡಬೇಕಾದವನು ಹೇಳಲಿ, ಬರೆಯುವವನು ನ್ಯಾಯವಾಗಿ ಬರೆಯಲಿ" ಎಂದರು.

ಅವರು ಹೇಳಿದ್ದು ಕುರಾನಿನ ಎರಡನೇ ಅಧ್ಯಾಯದ 282ನೇ ವಚನದ ಸಾರ ಎಂದು ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಇಡೀ ಕುರಾನಿನಲ್ಲಿ ಎಲ್ಲಕ್ಕಿಂತ ಉದ್ದದ ವಚನ ಅದು. ಅದರ ವಿಷಯ ಸಾಲದ ಲೆಕ್ಕ. ಅವಧಿ ಇಟ್ಟು ಸಾಲ ಮಾಡಿದರೆ ಬರೆದಿಡಬೇಕು, ಸಣ್ಣ ಮೊತ್ತವೆಂದು ಬೇಸರಿಸಬಾರದು, ಸಾಕ್ಷಿ ಇರಬೇಕು, ಹೇಳಿ ಬರೆಸುವ ಹಕ್ಕು ಸಾಲಗಾರನದು. ಕೈಯಿಂದ ಕೈಗೆ ಮುಗಿಯುವ ನಗದು ವ್ಯಾಪಾರವನ್ನು ಬರೆಯದಿದ್ದರೂ ದೋಷವಿಲ್ಲ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು ಎಂಬ ಮಾತೂ ಅದರಲ್ಲಿದೆ. ಬಲ ಇರುವುದು ಸಾಲ ಕೊಟ್ಟವನ ಕೈಯಲ್ಲಿ. ಅದಕ್ಕೇ ಮಾತು ಸಾಲಗಾರನ ಬಾಯಿಗೆ. ಇಸ್ಲಾಮಿನ ವ್ಯಾಪಾರ ನಿಯಮಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಕೀಲಿ ಇದು. ಹೆಚ್ಚು ತಿಳಿದವನ ಮೇಲೆ, ಹೆಚ್ಚು ಇರುವವನ ಮೇಲೆ, ಹೆಚ್ಚು ಹೊರೆ.

ಒದ್ದೆ ಅಕ್ಕಿ ಮೇಲಿರಲಿ

ನಮ್ಮೂರ ಮಳೆ ಗೊತ್ತಿದ್ದವರಿಗೆ ಅಂಗಡಿಯ ಅಕ್ಕಿಯ ಕಷ್ಟ ಹೇಳಬೇಕಿಲ್ಲ. ಜೂನ್ ಬಂತೆಂದರೆ ನಾಗರಮಡಿ ಕಡೆಯ ಗುಡ್ಡದಿಂದ ಇಳಿಯುವ ನೀರಿಗೂ ಹಂಚಿನಿಂದ ಸೋರುವ ನೀರಿಗೂ ಲೆಕ್ಕವಿಲ್ಲ. ಎಷ್ಟು ಎತ್ತರದಲ್ಲಿಟ್ಟರೂ ಯಾವುದೋ ಒಂದು ಚೀಲದ ತಳ ತೇವ ಹಿಡಿಯುತ್ತಿತ್ತು. ಅಮ್ಮಿ ಆ ಅಕ್ಕಿಯನ್ನು ಬೇರೆ ಮಾಡಿ, ಮೊರದಲ್ಲಿ ಹಾಕಿ, ಎಲ್ಲರಿಗೂ ಕಾಣುವಂತೆ ಮುಂದೆ ಇಡುತ್ತಿದ್ದಳು. ಕೋಳಿಗೆ ಬೇಕಾದವರು ಕಡಿಮೆ ಬೆಲೆಗೆ ಒಯ್ಯುತ್ತಿದ್ದರು.

ಇದರ ಹಿಂದೆಯೂ ಒಂದು ಪ್ರಸಂಗವಿದೆ. ಪ್ರವಾದಿ ಮುಹಮ್ಮದರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ಮಳೆ ತಾಗಿದೆ ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಒದ್ದೆಯನ್ನು ಜನ ನೋಡುವ ಹಾಗೆ ಮೇಲಿಡಬಾರದಿತ್ತೇ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದರು. ಒದ್ದೆ ಅಕ್ಕಿ ಮಾರುವುದಕ್ಕೆ ಅಡ್ಡಿಯಿಲ್ಲ. ಮುಚ್ಚಿ ಮಾರುವುದಕ್ಕೆ ಅಡ್ಡಿ. ಮಾಲಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಹೇಳಬೇಕಾದವನು ಮಾರುವವನೇ. ಹೇಳದೆ ಮಾರಿದರೆ ಕೊಂಡವನಿಗೆ ಮಾಲು ತಿರುಗಿಸುವ ಹಕ್ಕು ಉಳಿಯುತ್ತದೆ.

ತೂಕದ ವಿಚಾರಕ್ಕಂತೂ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ, 83ನೆಯದು. ತಾವು ಪಡೆಯುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ನಾಶದ ಎಚ್ಚರಿಕೆಯಿಂದಲೇ ಅದು ಶುರುವಾಗುತ್ತದೆ. ಕೊಳ್ಳುವವನು ಯಾವ ಜಾತಿ, ಯಾವ ಧರ್ಮ ಎಂಬುದು ಇಲ್ಲಿ ಬರುವುದೇ ಇಲ್ಲ. ನಮ್ಮ ಪುಸ್ತಕದಲ್ಲಿದ್ದವರು ಹರಿಕಂತ್ರರು, ಹಾಲಕ್ಕಿ ಗೌಡರು, ನಾಡವರು, ಕ್ರಿಶ್ಚಿಯನ್ನರು. ಪ್ರವಾದಿಯವರು ತೀರಿಕೊಂಡಾಗ ಅವರ ಯುದ್ಧಕವಚ ಒಬ್ಬ ಯಹೂದಿಯ ಬಳಿ ಅಡವಿತ್ತು, ಮನೆಯ ಊಟಕ್ಕೆ ಉದ್ರಿ ತಂದ ಬಾರ್ಲಿಗಾಗಿ. ಅಬ್ಬಾ ಈ ಸಂಗತಿಯನ್ನು ಹೇಳುವಾಗೆಲ್ಲ ದನಿ ತಗ್ಗಿಸುತ್ತಿದ್ದರು.

ಹೂ ಬಿಟ್ಟಾಗ ಕೊಂಡ ಮರ

ಬೇಸಿಗೆಯಲ್ಲಿ ಅಂಗಡಿಯನ್ನು ಅಮ್ಮಿಗೆ ಬಿಟ್ಟು ಅಬ್ಬಾ ಅಂಕೋಲೆಯ ಹಳ್ಳಿಗಳಿಗೆ ಮಾವಿನ ವ್ಯಾಪಾರಕ್ಕೆ ಹೋಗುತ್ತಿದ್ದರು. ಅಂಕೋಲೆಯ ಮಾವೆಂದರೆ ಇಶಾಡ. ಅದರಲ್ಲೂ ಕರಿ ಇಶಾಡ: ತೆಳು ಸಿಪ್ಪೆ, ಸಿಹಿ ತಿರುಳು, ಮನೆಯ ಮೂಲೆಯಲ್ಲಿಟ್ಟರೂ ಅಂಗಳಕ್ಕೆ ಬರುವ ಪರಿಮಳ. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ದಪ್ಪ ಸಿಪ್ಪೆಯ ಬಿಳಿ ಇಶಾಡವನ್ನು ಕರಿ ಇಶಾಡವೆಂದು ದಾಟಿಸುವುದು ಕಾನೂನಿಗೆ ತಪ್ಪಾಗುವ ಮೊದಲೇ ನಮ್ಮ ಮನೆಯಲ್ಲಿ ಹರಾಮಾಗಿತ್ತು.

ಆದರೆ ಅಬ್ಬಾ ಬೇರೆ ಒಂದು ತಪ್ಪು ಮಾಡುತ್ತಿದ್ದರು, ಅದು ತಪ್ಪೆಂದು ತಿಳಿಯದೆ. ಎಲ್ಲ ವ್ಯಾಪಾರಿಗಳ ಹಾಗೆ ಮರ ಹೂ ಬಿಟ್ಟಾಗಲೇ ಗುತ್ತಿಗೆ ಹಿಡಿಯುತ್ತಿದ್ದರು. ಹೂವನ್ನು ನೋಡಿ ಬೆಲೆ, ಅರ್ಧ ಹಣ ಮುಂಗಡ. ಒಂದು ವರ್ಷ ಮೋಡ ಕವಿದು, ಜಿಗಿಹುಳು ಬಿದ್ದು, ಹೂವೆಲ್ಲ ಕರಿಕಾಗಿ ಉದುರಿತು. ಮರದ ಯಜಮಾನರಿಗೆ ಕೊಟ್ಟ ಹಣ ಹೋಯಿತು. ಅದರ ಮುಂದಿನ ವರ್ಷ ಕೊಂಬೆ ಮುರಿಯುವಷ್ಟು ಕಾಯಿ. ಆಗ ಹೊಟ್ಟೆ ಉರಿದದ್ದು ಯಜಮಾನರಿಗೆ. "ಸಾಬರೆ, ನನ್ನ ಮರದಲ್ಲಿ ನೀವು ಲಾಟರಿ ಹೊಡೆದಿರಿ" ಎಂದರಂತೆ. ಆ ಮಾತು ಅಬ್ಬಾಗೆ ಚುಚ್ಚಿತು.

ಭಟ್ಕಳದಲ್ಲಿ ಓದಿದ ಮೌಲಾನಾ ಒಬ್ಬರು ರಂಜಾನಿನಲ್ಲಿ ನಮ್ಮ ಕಡೆ ಬರುತ್ತಿದ್ದರು. ಅಬ್ಬಾ ಅವರ ಮುಂದೆ ಇದನ್ನು ಇಟ್ಟರು. ಅವರು ಹೇಳಿದ್ದು: ಯಜಮಾನರು ಸರಿಯಾಗಿಯೇ ಹೇಳಿದ್ದಾರೆ. ಹಣ್ಣು ಬಲಿತು ಬಣ್ಣ ತಿರುಗುವ ಮೊದಲು ಮರದ ಮೇಲಿನ ಫಲವನ್ನು ಮಾರಬಾರದೆಂದು ಪ್ರವಾದಿಯವರು ತಡೆದಿದ್ದಾರೆ. ಅಲ್ಲಾಹನು ಫಲವನ್ನೇ ತಡೆದರೆ ಯಾವ ಹಕ್ಕಿನಿಂದ ನಿನ್ನ ಸಹೋದರನ ಹಣ ತಿನ್ನುತ್ತೀ ಎಂದೂ ಕೇಳಿದ್ದಾರೆ. ಕಾಯಿಯನ್ನು ಉಪ್ಪಿನಕಾಯಿಗೆಂದು ಅಂದೇ ಕೊಯ್ದು ಒಯ್ಯುವ ಷರತ್ತಿದ್ದರೆ ಬೇರೆ ಮಾತು. ಹಣ್ಣಾಗಲೆಂದು ಮರದಲ್ಲೇ ಬಿಡುವುದಾದರೆ ಬಣ್ಣ ತಿರುಗುವವರೆಗೆ ಕಾಯಬೇಕು.

ಇಂಥ ಕುರುಡು ವ್ಯಾಪಾರಕ್ಕೆ ಫಿಕ್‌ಹ್‌ನಲ್ಲಿ, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ, 'ಘರರ್' ಎಂದು ಹೆಸರು. ಹೊಟ್ಟೆಯಲ್ಲಿರುವ ಕರು, ಆಕಾಶದಲ್ಲಿರುವ ಹಕ್ಕಿ, ನೀರಿನಲ್ಲಿರುವ ಮೀನು, ಮುಳುಗುಗಾರ ಒಂದು ಸಲ ಮುಳುಗಿ ತರುವ ಮುತ್ತು, ಇವು ಅದಕ್ಕೆ ಕೊಡುವ ಹಳೆಯ ಉದಾಹರಣೆಗಳು. ಏನು, ಎಷ್ಟು, ಕೈಗೆ ಸಿಗುತ್ತದೋ ಇಲ್ಲವೋ ಎಂಬುದೇ ತಿಳಿಯದೆ ಬೆಲೆ ಕಟ್ಟಿದರೆ ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಹುಟ್ಟುತ್ತದೆ. ಅದು ಜೂಜಿನ ನೆಂಟ.

ಆದರೆ ರೈತನಿಗೆ ಜನವರಿಯಲ್ಲಿ ಹಣ ಬೇಕಲ್ಲ? ಅದಕ್ಕೂ ದಾರಿಯಿದೆ, 'ಸಲಮ್'. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿಯವರು ಒಂದೆರಡು ವರ್ಷ ಮೊದಲೇ ಹಣ ಕೊಟ್ಟು ಖರ್ಜೂರ ಕೊಳ್ಳುತ್ತಿದ್ದರು. ಅವರು ಅದನ್ನು ನಿಲ್ಲಿಸಲಿಲ್ಲ, ಕಟ್ಟು ಹಾಕಿದರು. ಅಳತೆ, ತೂಕ, ದಿನ ಗೊತ್ತಿರಬೇಕು. ಪೂರ್ತಿ ಹಣ ಮೊದಲೇ ಸಲ್ಲಬೇಕು. ಇಂಥದೇ ಮರದ ಹಣ್ಣು ಎಂದು ಕಟ್ಟುವಂತಿಲ್ಲ, ಏಕೆಂದರೆ ಆ ಮರ ಕೈಕೊಡಬಹುದು. "ಇಂತಿಷ್ಟು ತೂಕ ಕರಿ ಇಶಾಡ, ಮೇ ತಿಂಗಳ ಎರಡನೇ ವಾರ, ಅಂಗಡಿ ಬಾಗಿಲಿಗೆ" ಎನ್ನಬೇಕು. ತನ್ನ ಮರ ಫಲ ಬಿಡದಿದ್ದರೆ ಯಜಮಾನ ಬೇರೆಡೆಯಿಂದ ತಂದು ಕೊಡಬೇಕು, ಆಗದಿದ್ದರೆ ಹಣ ಹಿಂತಿರುಗಿಸಬೇಕು. ನಮ್ಮಲ್ಲಿ ಮಾವು ನೂರರ ಲೆಕ್ಕದಲ್ಲಿ ಮಾರುವುದು ರೂಢಿ. ಒಂದು ಕಾಯಿಯಂತೆ ಇನ್ನೊಂದಿರುವುದಿಲ್ಲ, ಆದ್ದರಿಂದ ಎಣಿಕೆ ಸಾಲದು, ತೂಕವೇ ಬೇಕು ಎಂದರು ಮೌಲಾನಾ.

ಅಬ್ಬಾ ಆ ವರ್ಷದಿಂದ ಬದಲಾದರು. ಕೆಲವು ಮರಗಳು ಕೈತಪ್ಪಿದವು, ಏಕೆಂದರೆ ಹೂವಿಗೇ ಹಣ ಕೊಡುವವರು ಬೇರೆ ಇದ್ದರು. ಆದರೆ ಲಾಟರಿಯ ಮಾತಾಡಿದ್ದ ಯಜಮಾನರು ಕೊನೆಯವರೆಗೂ ಸಲಮ್ ಮೇಲೆಯೇ ನಮಗೆ ಮಾವು ಕೊಟ್ಟರು.

ದಂಡೆಗೆ ಬಂದ ಮೇಲೆ ಹರಾಜು

ನಾನು ಸಣ್ಣವಳಿದ್ದಾಗ ನಮ್ಮ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೇನೆ. ಊರೇ ಹಗ್ಗಕ್ಕೆ ಕೈ ಹಚ್ಚುತ್ತಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸಿನ್ ದೋಣಿಗಳು ಹೆಚ್ಚಿದಂತೆ ರಂಪಣಿ ಕುಗ್ಗಿತು, ವ್ಯಾಪಾರ ಬೈತಖೋಲ ಬಂದರಿಗೆ ಸರಿಯಿತು. ರಂಪಣಿಯ ಕಾಲದಲ್ಲಿ ಬಲೆ ನೀರಲ್ಲಿರುವಾಗಲೇ "ಇಡೀ ಬಲೆಗೆ ಇಷ್ಟು" ಎಂದು ಕೂಗುವವರಿದ್ದರು. ಅಬ್ಬಾ ಬಂಗಡೆ ಮರಳಿಗೆ ಬಿದ್ದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ನೀರಿನಲ್ಲಿರುವ ಮೀನಿನ ನಿಯಮ ಅವರಿಗೆ ಪುಸ್ತಕದ್ದಾಗಿರಲಿಲ್ಲ.

ಹರಾಜಿಗೆ ಇಸ್ಲಾಮಿನಲ್ಲಿ ಅನುಮತಿಯಿದೆ. ಬೇಡಲು ಬಂದ ಬಡವನೊಬ್ಬನ ಮನೆಯ ಹಾಸುಬಟ್ಟೆ ಮತ್ತು ಬಟ್ಟಲನ್ನು ಪ್ರವಾದಿಯವರೇ ಎರಡು ದಿರ್ಹಮಿಗೆ ಹರಾಜು ಮಾಡಿದರು. ಒಂದರಿಂದ ಮನೆಗೆ ಊಟ, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿ ಸೌದೆ ಕಡಿಯಲು ಕಳಿಸಿದರು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಸುಳ್ಳು ಕೂಗು ಹಾಕುವುದು ಮಾತ್ರ ನಿಷಿದ್ಧ. ಪೇಟೆಯ ಬೆಲೆ ತಿಳಿಯುವ ಮೊದಲೇ ಹಳ್ಳಿಯಿಂದ ಬರುವವರನ್ನು ದಾರಿಯಲ್ಲಿ ಅಡ್ಡಗಟ್ಟಿ ಮಾಲು ಕೊಳ್ಳುವುದೂ ನಿಷಿದ್ಧ. ಕಾರವಾರದ ಭಾನುವಾರದ ಸಂತೆಗೆ ಸೊಪ್ಪು, ಬದನೆ ಹೊತ್ತು ಬರುವ ಹಾಲಕ್ಕಿ ಅವ್ವಂದಿರನ್ನು ಬಸ್ಸು ಇಳಿದಲ್ಲೇ ಹಿಡಿದು ಬುಟ್ಟಿಗೆ ಬುಟ್ಟಿಯನ್ನೇ ಅಗ್ಗಕ್ಕೆ ಕಿತ್ತುಕೊಳ್ಳುವುದನ್ನು ಕಂಡಾಗ ನನಗೆ ಈ ನಿಯಮವೇ ನೆನಪಾಗುತ್ತದೆ. ಅವರು ಸಂತೆಯೊಳಗೆ ಹೋಗಿ ಕೂರಲಿ, ಬೆಲೆ ಕೇಳಲಿ, ಆಮೇಲೆ ಕೊಡಲಿ.

ಬಡ್ಡಿಯ ಹಲವು ವೇಷ

ವ್ಯಾಪಾರವನ್ನು ಅಲ್ಲಾಹನು ಅನುಮತಿಸಿದ್ದಾನೆ, ರಿಬಾವನ್ನು ನಿಷೇಧಿಸಿದ್ದಾನೆ. ಇದನ್ನು ಎಲ್ಲರೂ ಕೇಳಿದ್ದಾರೆ, ರಿಬಾ ಎಂದರೆ ಬ್ಯಾಂಕಿನ ಬಡ್ಡಿ ಎಂದಷ್ಟೇ ತಿಳಿದಿದ್ದಾರೆ. ಮೀನಿನ ವ್ಯಾಪಾರದಲ್ಲಿ ಅದು ಬಡ್ಡಿ ಎಂಬ ಹೆಸರಿಲ್ಲದೆ ಬರುತ್ತದೆ. ದೋಣಿ, ಬಲೆ ದುರಸ್ತಿಗೆ ವ್ಯಾಪಾರಿ ಮುಂಗಡ ಸಾಲ ಕೊಡುತ್ತಾನೆ, ಬಡ್ಡಿ ಕೇಳುವುದಿಲ್ಲ. ಆದರೆ ಸಾಲ ತೀರುವವರೆಗೆ ಹಿಡಿದ ಮೀನನ್ನೆಲ್ಲ ಅವನಿಗೇ, ಪೇಟೆಗಿಂತ ಕಡಿಮೆ ಬೆಲೆಗೆ ಕೊಡಬೇಕು. ಸಾಲದಿಂದ ಷರತ್ತಾಗಿ ಎಳೆದುಕೊಳ್ಳುವ ಯಾವ ಲಾಭವೂ ರಿಬಾ ಎನ್ನುತ್ತಾರೆ ಶಾಸ್ತ್ರಜ್ಞರು. ಸಾಲವನ್ನೂ ಮಾರಾಟವನ್ನೂ ಒಂದೇ ಗಂಟಿಗೆ ಕಟ್ಟಬಾರದು ಎಂಬ ಹದೀಸೂ, ಅಂದರೆ ಪ್ರವಾದಿಯವರ ಮಾತೂ, ಇದೆ.

ರಿಬಾದ ಪಟ್ಟಿಯಲ್ಲಿ ಹದೀಸು ಹೆಸರಿಸುವ ವಸ್ತುಗಳು ಆರು: ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ನಾಡಿನ ನಮಗೆ ಈ ಆರನೆಯದು ಹತ್ತಿರದ್ದು. ಉಪ್ಪು ಕೊಟ್ಟು ಅಕ್ಕಿ ತೆಗೆದುಕೊಂಡರೆ ಅಳತೆ ಹೆಚ್ಚುಕಡಿಮೆ ಇರಬಹುದು, ಆದರೆ ಎರಡೂ ಅಲ್ಲೇ ಕೈ ಬದಲಾಗಬೇಕು. ಮಳೆಗಾಲದಲ್ಲಿ ಒಂದು ಚೀಲ ಭತ್ತ ಕೊಟ್ಟು ಸುಗ್ಗಿಯಲ್ಲಿ ಒಂದೂಕಾಲು ಚೀಲ ಕೇಳಿದರೆ ಅದು ರಿಬಾ. ಹಣದ ಮಾತೇ ಇಲ್ಲದಿದ್ದರೂ ರಿಬಾ.

ಇದು ಇಂದಿನ ಮನೆಗೆ ಬಂದು ಮುಟ್ಟುವುದು ಚಿನ್ನದಲ್ಲಿ. ಪ್ರವಾದಿಯವರ ಸಂಗಾತಿ ಬಿಲಾಲರು ಒಮ್ಮೆ ಒಳ್ಳೆಯ ಖರ್ಜೂರ ತಂದರು. ಎರಡು ಅಳತೆ ಸಾದಾ ಖರ್ಜೂರ ಕೊಟ್ಟು ಒಂದು ಅಳತೆ ಇದನ್ನು ತಂದೆ ಎಂದಾಗ ಪ್ರವಾದಿಯವರು, ಇದೇ ರಿಬಾ, ಮೊದಲು ನಿನ್ನದನ್ನು ಹಣಕ್ಕೆ ಮಾರು, ಆ ಹಣದಿಂದ ಒಳ್ಳೆಯದನ್ನು ಕೊಳ್ಳು ಎಂದರು. ನನ್ನ ಮಗಳ ಮದುವೆಗೆ ಅಮ್ಮಿಯ ಹಳೆಯ ಬಳೆ ಕೊಟ್ಟು ಹೊಸ ಸರ ತರಲು ಹೋದಾಗ ಹಾಗೆಯೇ ಮಾಡಿದೆವು. ಹಳೆಯದನ್ನು ತೂಗಿ ಹೊಸದರ ತೂಕದಲ್ಲಿ ಕಳೆಯಬೇಡಿ. ಇದಕ್ಕೆ ಇಂದಿನ ದರದಲ್ಲಿ ಹಣ ಕೊಡಿ, ಎಣಿಸಿ ತೆಗೆದುಕೊಳ್ಳುತ್ತೇವೆ, ಆಮೇಲೆ ಸರಕ್ಕೆ ಬೇರೆ ಬಿಲ್ಲು ಮಾಡಿ ಎಂದೆವು. ಅಂಗಡಿಯವರು ಒಪ್ಪಿದರು. ಎರಡು ಬಿಲ್ಲು ಎದುರಿಗಿದ್ದಾಗ ಹಳೆಯ ಚಿನ್ನಕ್ಕೆ ಎಷ್ಟು ಸಿಕ್ಕಿತು, ಸವಕಳಿ ಎಷ್ಟು, ಮಜೂರಿ ಎಷ್ಟು ಎಂಬುದು ನನಗೆ ಜೀವನದಲ್ಲಿ ಮೊದಲ ಬಾರಿ ಸ್ಪಷ್ಟವಾಗಿ ಕಂಡಿತು. ನಿಯಮದ ಒಳಗಿನ ಬೆಳಕು ಅದನ್ನು ಪಾಲಿಸಿದ ಮೇಲೆ ಕಾಣುತ್ತದೆ.

ಕಂತಿನ ಖರೀದಿಯ ಬಗ್ಗೆ ಹುಡುಗರು ನನ್ನನ್ನು ಕೇಳುತ್ತಾರೆ. ನಗದಿಗೆ ಒಂದು ಬೆಲೆ, ಕಂತಿಗೆ ಸ್ವಲ್ಪ ಹೆಚ್ಚಿನ ಬೆಲೆ ಎಂದು ವ್ಯಾಪಾರಿಯೇ ಹೇಳಿ, ಎದ್ದುಹೋಗುವ ಮೊದಲು ಎರಡರಲ್ಲಿ ಒಂದನ್ನು ಗಟ್ಟಿ ಮಾಡಿಕೊಂಡರೆ ಬಹುತೇಕ ಶಾಸ್ತ್ರಜ್ಞರು ಒಪ್ಪುತ್ತಾರೆ. ಕಂತು ತಪ್ಪಿದ್ದಕ್ಕೆ ಬಾಕಿಯ ಮೇಲೆ ಬೆಳೆಯುತ್ತ ಹೋಗುವ ದಂಡವೇ ರಿಬಾ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲ ಆಗುವವರೆಗೆ ಕಾಯಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ ಕುರಾನ್.

ಬಡ್ಡಿ ಬೇಡವಾದರೆ ಹಣ ತೊಡಗಿಸಲು ದಾರಿ ಪಾಲುಗಾರಿಕೆ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಹಾಕಿದವನದು. ಇದೇ 'ಮುದಾರಬ'. ನಷ್ಟವೇ ಇಲ್ಲದ ಖಚಿತ ಲಾಭವನ್ನು ಯಾರಾದರೂ ಹೇಳಿದರೆ ಅದು ಮುದಾರಬ ಅಲ್ಲವೇ ಅಲ್ಲ. ಬೆಂಗಳೂರಿನ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಕುಸಿದಾಗ, ಹಲಾಲ್ ಲಾಭ ಎಂಬ ಮಾತನ್ನು ನಂಬಿ ಮಗಳ ಮದುವೆಯ ಹಣ, ಪಿಂಚಣಿಯ ಹಣ ಹಾಕಿದ ಸಾವಿರಾರು ಕುಟುಂಬಗಳು ಕಂಗೆಟ್ಟವು. ಹೆಸರಿನ ಮೇಲೆ ಹಲಾಲ್ ಎಂದು ಬರೆದರೆ ಹಣ ಹಲಾಲ್ ಆಗುವುದಿಲ್ಲ. ಯಾವ ಸರಕು, ಯಾವ ದುಡಿಮೆ, ಲೆಕ್ಕ ಎಲ್ಲಿ ಎಂದು ಕೇಳುವುದು ಅಪನಂಬಿಕೆಯಲ್ಲ, ಧರ್ಮದ ಭಾಗ.

ಕರಾವಳಿ, ಘಟ್ಟ

ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಸಿಗುವುದನ್ನು ಕಂಡು ಕೆಲವರು ಗೊಂದಲಗೊಳ್ಳುತ್ತಾರೆ. ಭಟ್ಕಳದ ನವಾಯತರು ಶಾಫಿ ಪಂಥದವರು. ಘಟ್ಟದ ಮೇಲಿನ ಹೆಚ್ಚಿನ ಮುಸ್ಲಿಮರು ಹನಫಿಗಳು. ಮಾತು ಮುಗಿದ ಮೇಲೂ ಇಬ್ಬರೂ ಅಲ್ಲಿಂದ ಎದ್ದುಹೋಗುವವರೆಗೆ ವ್ಯಾಪಾರ ಬಿಡುವ ಹಕ್ಕು ಇಬ್ಬರಿಗೂ ಇದೆ ಎನ್ನುತ್ತಾರೆ ಶಾಫಿಗಳು. ಒಬ್ಬ ಕೊಟ್ಟೆ ಎಂದು ಇನ್ನೊಬ್ಬ ಕೊಂಡೆ ಎಂದರೆ ಮುಗಿಯಿತು ಎನ್ನುತ್ತಾರೆ ಹನಫಿಗಳು. ದಾರಿ ಬೇರೆಯಾದರೂ ಇಬ್ಬರೂ ನೋಡುವುದು ಕೊಳ್ಳುವವನಿಗೂ ಮಾರುವವನಿಗೂ ಮನಸಾರೆ ಒಪ್ಪಿಗೆ ಇತ್ತೇ ಎಂಬುದನ್ನು. ಭಟ್ಕಳದಲ್ಲಿ 1962ರಲ್ಲಿ ಹುಟ್ಟಿದ ಜಾಮಿಯಾ ಇಸ್ಲಾಮಿಯಾದಲ್ಲಿ ಈ ಶಾಸ್ತ್ರ ಕಲಿಸುತ್ತಾರೆ. ಅಲ್ಲಿಯ ಇಸ್ಲಾಮಿಕ್ ವೆಲ್ಫೇರ್ ಸೊಸೈಟಿಯಂಥ ಸಂಸ್ಥೆ ಬಡ್ಡಿಯಿಲ್ಲದೆ ಸಾಲ ಕೊಟ್ಟು, ವಾಪಸು ಪಡೆದು, ಇದು ಆಗುವ ಕೆಲಸ ಎಂದು ತೋರಿಸಿದೆ.

ಬಾವಿಯ ಆಚೆಯ ಮನೆ

ಅಬ್ಬಾ 2011ರಲ್ಲಿ ತೀರಿಕೊಂಡರು. ಜನಾಜಾ ನಮಾಜಿಗೆ ಮೊದಲು ಅಣ್ಣ ಎದ್ದು ನಿಂತು, ಇವರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ನಮ್ಮನ್ನು ಕೇಳಿ ಎಂದ. ಸತ್ತವರ ಆಸ್ತಿಯಲ್ಲಿ ಅಂತ್ಯಸಂಸ್ಕಾರದ ಖರ್ಚು ಕಳೆದು ಮೊದಲು ಸಾಲ ತೀರಬೇಕು. ಮಕ್ಕಳ ಪಾಲು ಆಮೇಲೆ. ಸಾಲ ಉಳಿಸಿ ಸತ್ತವನ ನಮಾಜಿಗೆ ಪ್ರವಾದಿಯವರು ಒಮ್ಮೆ ಹಿಂಜರಿದಿದ್ದರು. ಸಂಗಾತಿಯೊಬ್ಬರು ಆ ಸಾಲವನ್ನು ತಮ್ಮ ಮೇಲೆ ಹೊತ್ತ ಮೇಲೆಯೇ ಮುಂದೆ ನಿಂತರು.

ಒಣಮೀನು ಕೊಡುತ್ತಿದ್ದ ಹರಿಕಂತ್ರರ ಅಕ್ಕ ಬಂದರು. ಅವರ ಬಾಕಿ 340 ರೂಪಾಯಿ ಪುಸ್ತಕದಲ್ಲೂ ಇತ್ತು. ಅಣ್ಣ 500 ಕೊಟ್ಟ. ಪ್ರವಾದಿಯವರು ಸಾಲವಾಗಿ ಪಡೆದ ಒಂಟೆಗೆ ಅದಕ್ಕಿಂತ ಉತ್ತಮ ಒಂಟೆ ಹಿಂತಿರುಗಿಸಿದ್ದರು. ಕೇಳದೆ, ಕರಾರಿಲ್ಲದೆ, ತೀರಿಸುವವನು ಸಂತೋಷದಿಂದ ಹೆಚ್ಚು ಕೊಟ್ಟರೆ ಅದು ಬಡ್ಡಿಯಲ್ಲ. ಆ ಅಕ್ಕ 340 ಎಣಿಸಿಕೊಂಡು ಉಳಿದದ್ದನ್ನು ಅಮ್ಮಿಯ ಕೈಗಿಟ್ಟು ಹೋದರು.

ಆಮೇಲೆ ನಾನು ಪುಸ್ತಕಗಳನ್ನೆಲ್ಲ ಓದಿದೆ. ನನ್ನದೇ ಅಕ್ಷರ. 1988ರ ಒಂದು ಸಾಲು: "ಬಾವಿಯ ಆಚೆ ಮನೆ, ತೆಂಗಿನಕಾಯಿ 60, ನಾವು ಕೊಡಬೇಕಾದ ಬಾಕಿ 85 ರೂ." ಸಾಲಗಾರರಾಗಿ ಅಂದು ಹೇಳಿ ಬರೆಸಿದವರು ಅಬ್ಬಾ. ಹೆಸರು ಬರೆಸಲಿಲ್ಲ, ಏಕೆಂದರೆ ಆ ಮನೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಈಗ ಆ ಮನೆಯೂ ಇಲ್ಲ, ಬಾವಿಯೂ ಇಲ್ಲ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗೆ ಅರ್ಗಾ, ಬಿಣಗಾ, ಚೆಂಡಿಯಾದ ಭೂಮಿ ಹೋಯಿತು. ಹೆದ್ದಾರಿಯ ಪೂರ್ವಕ್ಕಿದ್ದ ನಮ್ಮ ಮನೆ ಉಳಿಯಿತು. ಪಶ್ಚಿಮದಲ್ಲಿದ್ದ ನಮ್ಮ ಗಿರಾಕಿಗಳು ಎದ್ದರು. ತೋಡೂರು, ಮುದಗಾ, ಹಾರವಾಡ, ಬೆಲೇಕೇರಿಯ ಪುನರ್ವಸತಿ ಕಾಲೊನಿಗಳಲ್ಲಿ ನಾನೂ ಅಣ್ಣನೂ ಕೇಳಿದೆವು. ಬಾವಿ ನೆನಪಿದ್ದವರು ಸಿಕ್ಕರು. ಆ ಮನೆಯ ಮುದುಕರು ತೀರಿಕೊಂಡರು, ಮಗ ಗೋವಾ ಕಡೆ ಹೋದ ಎಂದರು. ದಾರಿ ಅಲ್ಲಿಗೆ ನಿಂತಿತು.

ಮೌಲಾನಾರನ್ನು ಕೇಳಿದೆವು. ಹುಡುಕುವಷ್ಟು ಹುಡುಕಿ, ಸಿಗದಿದ್ದರೆ ಅವರ ಪರವಾಗಿ ಬಡವರಿಗೆ ಕೊಡಿ, ಪುಣ್ಯ ಅವರದು. ಆದರೆ ಮುಂದೆಂದಾದರೂ ಅವರೋ ಅವರ ಮಕ್ಕಳೋ ಬಂದು ಕೇಳಿದರೆ ಮತ್ತೆ ಕೊಡಬೇಕು, ಹಕ್ಕು ಹಳತಾಗುವುದಿಲ್ಲ ಎಂದರು. 85ರ ಮೇಲೆ ನಮ್ಮ ಮನಸ್ಸಿಗೆ ಬಂದಷ್ಟು ಸೇರಿಸಿ ಆ ಮನೆಯವರ ಪರವಾಗಿ ಕೊಟ್ಟೆವು.

ತೀರಿದ ಬಾಕಿಗೆಲ್ಲ ನಾನು ಅಡ್ಡಗೀಟು ಎಳೆದಿದ್ದೇನೆ. ಬಾವಿಯ ಆಚೆಯ ಮನೆಯ ಸಾಲಿಗೆ ಎಳೆದಿಲ್ಲ. ಅದರ ಕೆಳಗೆ ನನ್ನ ಮಗಳ ಕೈಯಿಂದ ಒಂದು ಸಾಲು ಬರೆಸಿದೆ. ಈಗ ಕೊಡಬೇಕಾದವಳು ನಾನು, ಆದ್ದರಿಂದ ನಾನು ಹೇಳಿದೆ: "ಕೇಳಿ ಬಂದರೆ ಕೊಡುವುದು." ಅವಳು ಬರೆದು, ಓದಿ ಹೇಳಿದಳು. ನಾನು ತಲೆಯಾಡಿಸಿದೆ.